30x40 ಸೈಟು: ಪ್ಲಾನ್‌ನಿಂದ ಕರೆಂಟ್ ಮೀಟರ್‌ವರೆಗೆ

ಬೆಂಗಳೂರಿನಲ್ಲಿ ಸೈಟು ಇಟ್ಟುಕೊಂಡವರು ನಮ್ಮ ಆಫೀಸಿಗೆ ಬಂದರೆ ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳುತ್ತಾರೆ: "ಮೇಡಂ, ಎಷ್ಟು ಫ್ಲೋರ್ ಎತ್ತಬಹುದು?" ನಾನು ಕೇಳುವುದು ಬೇರೆ: "ಕರೆಂಟ್ ಮೀಟರ್ ಎಷ್ಟು ಬೇಕು ಸಾರ್?" ಮನೆ ಕಟ್ಟಿ ಮುಗಿದ ಮೇಲಿನ ಮಾತು ಈಗಲೇ ಯಾಕೆ ಅಂತ ಅವರು ಮುಖ ಮುಖ ನೋಡುತ್ತಾರೆ.

ಈಗಲೇ ಕೇಳುವುದಕ್ಕೆ ಕಾರಣ ಇದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಮೀರತ್‌ನ ಒಂದು ಅಕ್ರಮ ಕಟ್ಟಡದ ಪ್ರಕರಣದಲ್ಲಿ ತೀರ್ಪು ಕೊಡುತ್ತಾ ಇಡೀ ದೇಶಕ್ಕೆ ಅನ್ವಯವಾಗುವ ನಿರ್ದೇಶನಗಳನ್ನು ಹೊರಡಿಸಿತು. ಸ್ವಾಧೀನಾನುಭವ ಪತ್ರ, ಅಂದರೆ ನಾವೆಲ್ಲ ಹೇಳುವ ಒಸಿ, ಅಥವಾ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಬ್ಯಾಂಕಿನವರೂ ಆ ಪತ್ರ ನೋಡಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು ಅಂತ. 2025ರಲ್ಲಿ ಬೆಸ್ಕಾಂ ಇದನ್ನು ಗಟ್ಟಿಯಾಗಿ ಹಿಡಿದ ಮೇಲೆ ಊರಲ್ಲಿ ಎಷ್ಟೋ ಹೊಸ ಮನೆಗಳು ಗೃಹಪ್ರವೇಶ ಮುಗಿಸಿಯೂ ತಾತ್ಕಾಲಿಕ ಕನೆಕ್ಷನ್ನಿನ ದುಬಾರಿ ಬಿಲ್ ಕಟ್ಟಿಕೊಂಡು ನಿಂತವು. ಅಲ್ಲಿಯವರೆಗೆ ಪ್ಲಾನ್ ಅನ್ನುವುದು ಬ್ಯಾಂಕ್ ಲೋನಿಗೆ ಬೇಕಾದ ಒಂದು ಕಾಗದ, ಕಟ್ಟುವುದು ಮೇಸ್ತ್ರಿ ಹೇಳಿದ ಹಾಗೆ ಅನ್ನುವುದು ಈ ಊರಿನ ವಾಡಿಕೆಯಾಗಿತ್ತು. ಆ ವಾಡಿಕೆ ಈಗ ನಡೆಯುವುದಿಲ್ಲ. ಆದ್ದರಿಂದ ನಾನು ಯಾರಿಗೇ ಪ್ಲಾನ್ ಬರೆದರೂ ಕೊನೆಯಿಂದ ಶುರು ಮಾಡುತ್ತೇನೆ: ಕೊನೆಗೆ ಆ ಮನೆಗೆ ಮೀಟರ್ ಬರಬೇಕು, ಅದಕ್ಕೆ ಏನು ಕಟ್ಟಬಹುದೋ ಅಷ್ಟನ್ನೇ ಇವತ್ತು ಕಾಗದದ ಮೇಲೆ ಎಳೆಯೋಣ.

ನನ್ನ ಕೆಲಸ ಹೆಚ್ಚಾಗಿ 20x30, 30x40, 30x50 ಸೈಟುಗಳದು. ದೊಡ್ಡ ಅಪಾರ್ಟ್‌ಮೆಂಟ್ ವ್ಯವಹಾರ ನನಗೆ ಬೇಡ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಒಂದು ಸೈಟು, ಒಂದು ಸಂಸಾರ, ಬಾಡಿಗೆಗೆ ಒಂದೆರಡು ಮನೆ ಅನ್ನುವ ಲೆಕ್ಕದವರಿಗೆ.

ಸೈಟು ಯಾರ ವ್ಯಾಪ್ತಿಯಲ್ಲಿದೆ

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನಿಮ್ಮ ವಾರ್ಡು ಯಾವ ಪಾಲಿಕೆಗೆ ಸೇರಿತು ಅಂತ ಮೊದಲು ನೋಡಿಕೊಳ್ಳಿ. ಪಾಲಿಕೆಯ ಗಡಿಯ ಆಚೆ ಹೋದರೆ ಕಥೆಯೇ ಬೇರೆ. ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರ, ನೈಸ್ ರಸ್ತೆಯ ಆಸುಪಾಸಿಗೆ ಅದರದೇ ಪ್ರಾಧಿಕಾರ, ಆನೇಕಲ್, ನೆಲಮಂಗಲ, ಹೊಸಕೋಟೆಗೆ ಅವರವರ ಪ್ರಾಧಿಕಾರ. ಅಲ್ಲಿ "ಪಂಚಾಯಿತಿಯವರೇ ಲೈಸೆನ್ಸ್ ಕೊಟ್ಟಿದಾರೆ, ಇನ್ನೇನು?" ಅನ್ನುವವರು ಬಹಳ. ಬಡಾವಣೆಗೆ ಆ ಪ್ರಾಧಿಕಾರದ ಮಂಜೂರಾತಿ ಇಲ್ಲದಿದ್ದರೆ ಪಂಚಾಯಿತಿಯ ಸೀಲು ಎಷ್ಟು ದಪ್ಪಗಿದ್ದರೂ ಪ್ರಯೋಜನ ಕಡಿಮೆ.

ಆಮೇಲೆ ಖಾತೆ. ಎ ಖಾತೆ, ಅಂದರೆ ಮಂಜೂರಾತಿಗಳೆಲ್ಲ ಸರಿಯಿರುವ ಸ್ವತ್ತಿನ ಖಾತೆ, ಇದ್ದರೆ ಮುಂದಿನ ಮಾತು. ಬಿ ಖಾತೆ ಅನ್ನುವುದು ತೆರಿಗೆ ವಸೂಲಿಗೆ ಇಟ್ಟ ಬೇರೆ ಪುಸ್ತಕ. ಅದರ ಮೇಲೆ ಪ್ಲಾನ್ ಮಂಜೂರು ಮಾಡಿಸುವುದು ಆಗದ ಕೆಲಸ. ಸೈಟು ಬಿ ಖಾತೆಗೆ ಬಿದ್ದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಕೃಷಿ ಜಮೀನನ್ನು ಡಿಸಿ ಕನ್ವರ್ಷನ್ ಮಾಡಿಸದೆ ಸೈಟು ಮಾಡಿ ಮಾರಿರುತ್ತಾರೆ. ಇಲ್ಲವೇ ಕನ್ವರ್ಷನ್ ಆಗಿರುತ್ತದೆ, ಬಡಾವಣೆ ನಕ್ಷೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಮಂಜೂರಾತಿ ಇರುವುದಿಲ್ಲ. ಎರಡನೆಯದನ್ನು ಜನ ಬೇಗ ನಂಬುತ್ತಾರೆ. "ಡಿಸಿ ಕನ್ವರ್ಟೆಡ್ ಸೈಟು" ಅಂತ ಬೋರ್ಡಿನಲ್ಲಿ ಬರೆದದ್ದು ಸುಳ್ಳಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಮೀನು ಕೃಷಿಯೇತರ ಆಗಿರುತ್ತದೆ. ಅದನ್ನು ತುಂಡು ಮಾಡಿ ರಸ್ತೆ, ಪಾರ್ಕು ಬಿಟ್ಟು ಸೈಟು ಹಂಚುವುದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಬೇರೆ ಅನುಮತಿ ಬೇಕು. ಮಾರುವವರು ಮೊದಲನೆಯ ಆದೇಶದ ಜೆರಾಕ್ಸ್ ತೋರಿಸಿ ಎರಡನೆಯದರ ಬಗ್ಗೆ ಸುಮ್ಮನಿರುತ್ತಾರೆ.

ಬಿ ಖಾತೆಯವರು "ಅಕ್ರಮ-ಸಕ್ರಮ ಬರುತ್ತಂತಲ್ಲ" ಅಂತ ಕೇಳುತ್ತಾರೆ. ನಿಯಮ ಮೀರಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದು 2017ರ ಜನವರಿಯಲ್ಲಿ. ಅದನ್ನು ಕಾಯುತ್ತಾ ಕೂತವರ ಮಕ್ಕಳು ಈಗ ನನ್ನ ಹತ್ತಿರ ಬರುತ್ತಿದ್ದಾರೆ. ಶುಲ್ಕ ಕಟ್ಟಿ ಎ ಖಾತೆ ಪಡೆಯುವ ದಾರಿ ನಿಮ್ಮ ಸೈಟಿಗೆ ತೆರೆದಿದ್ದರೆ ಅದನ್ನು ಮೊದಲು ಮುಗಿಸಿ. ಪಾಯ ತೆಗೆದ ಮೇಲೆ ಖಾತೆ ಸರಿ ಮಾಡಿಸಲು ಹೊರಟರೆ ಎರಡೂ ಕಡೆ ಸಿಕ್ಕಿಬೀಳುತ್ತೀರಿ.

ಹಳದಿ ಬಣ್ಣ ಇದ್ದರೆ ಸಾಕೇ

ವಲಯ ನಿಯಮ ಅಂದರೆ ಯಾವ ಜಾಗದಲ್ಲಿ ಏನು ಮಾಡಬಹುದು ಅನ್ನುವುದು. ಬೆಂಗಳೂರಿಗೆ ಈಗಲೂ ಆಧಾರ 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಮಹಾಯೋಜನೆ 2015. 2031ಕ್ಕೆ ಅಂತ ತಯಾರಿಸಿದ ಕರಡು ವಾಪಸ್ ಹೋಯಿತು. ಈ ಮಹಾಯೋಜನೆಯನ್ನೇ ಹಳಬರು ಸಿಡಿಪಿ ಅನ್ನುತ್ತಾರೆ. ಆ ನಕ್ಷೆಯಲ್ಲಿ ಹಳದಿ ವಾಸಕ್ಕೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ-ಆಸ್ಪತ್ರೆಯಂಥ ಸಾರ್ವಜನಿಕ ಬಳಕೆಗೆ, ಹಸಿರು ಉದ್ಯಾನ ಮತ್ತು ಬಯಲಿಗೆ. ಸರ್ವೆ ನಂಬರು ಹಿಡಿದುಕೊಂಡು ನಿಮ್ಮ ಸೈಟು ಯಾವ ಬಣ್ಣದ ಮೇಲೆ ಕೂತಿದೆ ಅಂತ ನೋಡಬೇಕು. ನಕ್ಷೆಯ ಅಳತೆ ಚಿಕ್ಕದಾದ್ದರಿಂದ ಕಣ್ಣಂದಾಜಿನ ಮೇಲೆ ನಂಬಿ ದುಡ್ಡು ಹಾಕಬೇಡಿ. ಬಣ್ಣದ ಗಡಿಯಲ್ಲಿ ಸೈಟಿದ್ದರೆ ಬರವಣಿಗೆಯಲ್ಲಿ ವಲಯ ದೃಢೀಕರಣ ಕೇಳಿ ತೆಗೆದುಕೊಳ್ಳಿ.

ಹಳದಿ ಅಂತ ಗೊತ್ತಾದ ಕೂಡಲೇ ಜನ ನಿರಾಳವಾಗುತ್ತಾರೆ. ನಾನು ಆಮೇಲೆ ನೋಡುವುದು ರಸ್ತೆ. ನಿಮ್ಮ ಎದುರಿನ ರಸ್ತೆ 30 ಅಡಿಯೋ 40 ಅಡಿಯೋ ಅನ್ನುವುದರ ಮೇಲೆ ಬಹಳ ನಿಂತಿದೆ. ವಾಸದ ಬಡಾವಣೆಯಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ಅಂಗಡಿ-ಮುಂಗಟ್ಟು ನಡೆಸಲು ಟ್ರೇಡ್ ಲೈಸೆನ್ಸ್ ಸಿಗುವುದು ಕಷ್ಟ. ನೆಲಮಹಡಿಯಲ್ಲಿ ಎರಡು ಶೆಟರ್ ಹಾಕಿ ಬಾಡಿಗೆ ಲೆಕ್ಕ ಹಾಕುವವರು ಮೊದಲು ಟೇಪು ಹಿಡಿದು ರಸ್ತೆ ಅಳೆಯಿರಿ. ಚರಂಡಿಯಿಂದ ಚರಂಡಿಗೆ ಅಳೆದರೆ ಬರುವ ಅಳತೆ ಒಂದು, ಬಡಾವಣೆಯ ನಕ್ಷೆಯಲ್ಲಿ ಬರೆದದ್ದು ಇನ್ನೊಂದು ಇರುತ್ತದೆ. ಎದುರು ಮನೆಯವರು ಮೆಟ್ಟಿಲು ರಸ್ತೆಗೆ ಇಳಿಸಿರುತ್ತಾರಲ್ಲ. ಮಂಜೂರಾದ ಬಡಾವಣೆ ನಕ್ಷೆಯ ಒಂದು ಪ್ರತಿ ಕೈಯಲ್ಲಿದ್ದರೆ ವಾದ ಮಾಡಲು ದಾರಿ ಇರುತ್ತದೆ.

ಆ ರಸ್ತೆಯನ್ನು ಅಗಲ ಮಾಡುವ ಪ್ರಸ್ತಾವ ಮಹಾಯೋಜನೆಯಲ್ಲಿ ಇದೆಯೋ ಅಂತಲೂ ನೋಡಿ. ಇದ್ದರೆ ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗವನ್ನು, ಹೊಸ ಅಂಚಿನಿಂದ ಎಣಿಸಬೇಕಾಗುತ್ತದೆ. ಮುಂದಿನ ಭಾಗ ನಿಮ್ಮದಾಗಿದ್ದೂ ಕಟ್ಟಡಕ್ಕೆ ಸಿಗುವುದಿಲ್ಲ.

ಪಿಜಿ ಮಾಡುತ್ತೇವೆ ಅನ್ನುವವರಿಗೆ ಒಂದು ಮಾತು. ವಾಸದ ಮನೆ ಅಂತ ಪ್ಲಾನ್ ಮಾಡಿಸಿ ಒಳಗೆ ಇಪ್ಪತ್ತು ಮಂಚ ಹಾಕುವುದು ಬಳಕೆಯ ಬದಲಾವಣೆ. ಅದಕ್ಕೆ ಬೇರೆ ಲೈಸೆನ್ಸ್, ಬೇರೆ ನಿಯಮ. ಮೊದಲೇ ಹೇಳಿದರೆ ಇಂಜಿನಿಯರು ಅದಕ್ಕೆ ತಕ್ಕಂತೆ ಬರೆಯುತ್ತಾರೆ.

ಕಾಣದ ಕಾಲುವೆ

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ದುಡ್ಡು ಪೂರ್ತಿ ನೀರಿಗೆ ಹೋಗುವುದು ಇಲ್ಲೇ.

ಬೆಂಗಳೂರಿನ ಕೆರೆಗಳು ಒಂದರಿಂದ ಒಂದಕ್ಕೆ ಕೋಡಿ ಬಿದ್ದು ಹರಿಯುವ ಸರಪಳಿ. ಆ ನೀರಿನ ದಾರಿಯೇ ರಾಜಕಾಲುವೆ. ಮಹಾಯೋಜನೆ 2015ರ ವಲಯ ನಿಯಮಾವಳಿಯಲ್ಲಿ ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಮೀಸಲು ಪ್ರದೇಶ ಇದೆ, ಕಾಲುವೆಯ ಮಧ್ಯದಿಂದ ಅಳೆದು. ಕೆರೆಗೆ 30 ಮೀಟರ್. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಕೆರೆಗೆ 75 ಮೀಟರ್ ಅಂತ, ಕಾಲುವೆಗಳಿಗೆ 50, 35, 25 ಅಂತ ಹಿಗ್ಗಿಸಿತ್ತು, ಅದೂ ಅಂಚಿನಿಂದ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹಿಗ್ಗಿಸಿದ್ದನ್ನು ರದ್ದು ಮಾಡಿತು. ಆ ಮೂರು ವರ್ಷದಲ್ಲಿ ಪ್ಲಾನ್ ಸಿಗದೆ ಸೈಟು ಕಡಿಮೆ ಬೆಲೆಗೆ ಮಾರಿಕೊಂಡವರೂ ಇದ್ದಾರೆ, ಮಾರಿದ್ದನ್ನು ಕೊಂಡು ಲಾಭ ಮಾಡಿದವರೂ ಇದ್ದಾರೆ.

ತೊಂದರೆ ಏನೆಂದರೆ ಕಾಲುವೆ ಎಷ್ಟೋ ಕಡೆ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಟಾರು ರಸ್ತೆ ಇರುತ್ತದೆ, ಅದರ ಕೆಳಗೆ ಒಂದು ಸಿಮೆಂಟ್ ಪೈಪು. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಮಾತ್ರ ಹಳ್ಳದ ಗೆರೆ ನಿಂತೇ ಇದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಮಹದೇವಪುರ ಕಡೆ ಮನೆಗಳಿಗೆ ನೀರು ನುಗ್ಗಿ, ಒತ್ತುವರಿ ತೆರವು ಶುರುವಾದಾಗ ಸರ್ವೆಯವರು ಹಿಡಿದಿದ್ದು ಆ ಹಳೆಯ ಗೆರೆಯನ್ನೇ.

ಆದ್ದರಿಂದ ಸೈಟಿನ ಮೇಲೆ ನಿಂತುಕೊಂಡೇ ಫೋನಿನಲ್ಲಿ ದಿಶಾಂಕ್ ಆ್ಯಪ್ ತೆಗೆಯಿರಿ. ಕಂದಾಯ ಇಲಾಖೆಯದೇ ಅದು. ನೀವು ನಿಂತ ಜಾಗದ ಸರ್ವೆ ನಂಬರು, ಸುತ್ತಲಿನ ಹಳ್ಳ, ಕೆರೆ, ಬಂಡಿದಾರಿ, ಸರ್ಕಾರಿ ಜಮೀನು ಎಲ್ಲ ಮೇಲ್ನೋಟಕ್ಕೆ ಸಿಗುತ್ತದೆ. ಜಿಪಿಎಸ್ ಹತ್ತಿಪ್ಪತ್ತು ಅಡಿ ಆಚೀಚೆ ಆಗುವುದುಂಟು, ಹಾಗಾಗಿ ಅದು ಎಚ್ಚರಿಕೆಗೆ ಮಾತ್ರ. ಹತ್ತಿರದಲ್ಲಿ ನೀಲಿ ಗೆರೆ ಕಂಡರೆ ಗ್ರಾಮ ನಕ್ಷೆ ತೆಗೆಸಿ, ಪರವಾನಗಿ ಇರುವ ಸರ್ವೆಯರ್ ಕೈಲಿ ಅಳೆಸಿ. ಪಹಣಿಯಲ್ಲಿ ಬಿ ಖರಾಬು ಎಷ್ಟಿದೆ ಅಂತಲೂ ನೋಡಿ. ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ ಅದು, ಸರ್ಕಾರದ ಸ್ವತ್ತು, ಖಾಸಗಿಯವರು ಮಾರಲು ಬರುವುದಿಲ್ಲ. ಒಬ್ಬ ನಿವೃತ್ತ ಮೇಷ್ಟ್ರು ಅಡ್ವಾನ್ಸ್ ಕೊಡುವ ಹಿಂದಿನ ದಿನ ನನಗೆ ಲೊಕೇಶನ್ ಕಳಿಸಿದ್ದರು. ಸೈಟಿನ ಹಿಂಭಾಗದ ಗೋಡೆ ಹಳ್ಳದ ಗೆರೆಯ ಮೇಲೇ ಬರುತ್ತಿತ್ತು. "ಅಲ್ಲಿ ಬರೀ ಬಾಳೆಗಿಡ ಇದೆ ಕಣಮ್ಮ" ಅಂದರು. ಬಾಳೆ ಅಷ್ಟು ಸೊಂಪಾಗಿ ಬಂದಿದ್ದೇ ನನಗೆ ಅನುಮಾನ.

ಇದರ ಜೊತೆಗೆ ಬಿಡಿಎ ಭೂಸ್ವಾಧೀನದ ಅಧಿಸೂಚನೆ ಇದೆಯೋ, ಪೆರಿಫೆರಲ್ ರಿಂಗ್ ರಸ್ತೆಯ ಗೆರೆ ಹಾಯುತ್ತದೋ ಅಂತ ವಕೀಲರ ಕೈಲಿ ನೋಡಿಸಿ. ಅದು ನನ್ನ ಕ್ಷೇತ್ರವಲ್ಲ, ಆದರೆ ಆ ಉತ್ತರ ಬರುವವರೆಗೆ ನಾನು ಗೆರೆ ಎಳೆಯುವುದಿಲ್ಲ.

2100 ಚದರಡಿಯ ಲೆಕ್ಕ

ಈಗ ಮಹಡಿಯ ಪ್ರಶ್ನೆಗೆ ಬರೋಣ. ಮೂರು ಅಳತೆಗಳು ಒಟ್ಟಿಗೆ ಕೆಲಸ ಮಾಡುತ್ತವೆ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ನಿಮ್ಮ ಮನೆ ನಿಲ್ಲುತ್ತದೆ.

ಒಂದು, ನೆಲ ವ್ಯಾಪ್ತಿ, ಸೈಟಿನ ಎಷ್ಟು ಭಾಗದ ಮೇಲೆ ಕಟ್ಟಡ ಕೂರಬಹುದು ಅನ್ನುವುದು. 360 ಚದರ ಮೀಟರ್‌ವರೆಗಿನ ವಾಸದ ಸೈಟಿಗೆ ಮಹಾಯೋಜನೆ 2015ರ ಕೋಷ್ಟಕದಲ್ಲಿ ಶೇ 75. ನಿಮ್ಮ 30x40 ಅಂದರೆ 1200 ಚದರಡಿ, ಅದರ ಮುಕ್ಕಾಲು ಪಾಲು 900. ಇನ್ನೊಂದು ಎಫ್‌ಎಆರ್, ಎಲ್ಲ ಮಹಡಿ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವುದು. ಅದೇ ಕೋಷ್ಟಕದಲ್ಲಿ 40 ಅಡಿವರೆಗಿನ ರಸ್ತೆಗೆ 1.75. 1200ಕ್ಕೆ 2100 ಚದರಡಿ. ಇಲ್ಲಿ ಬಹಳ ಜನ ಬೆಚ್ಚುತ್ತಾರೆ. "ಪಕ್ಕದ ಮನೆಯವರು ನಾಲ್ಕು ಫ್ಲೋರ್ ಕಟ್ಟಿದಾರಲ್ಲ ಮೇಡಂ, ಅಲ್ಲೇ 3600 ಆಯ್ತಲ್ಲ?" ಹೌದು, ಆಯಿತು. ಅವರ ಪ್ಲಾನ್‌ನಲ್ಲಿ ಅಷ್ಟು ಇರುವುದಿಲ್ಲ.

ಕೊನೆಯದು ಸೆಟ್‌ಬ್ಯಾಕ್, ಸುತ್ತ ಬಿಡಬೇಕಾದ ಜಾಗ. ಇದು ಸೈಟಿನ ಅಗಲ, ಉದ್ದ, ಕಟ್ಟಡದ ಎತ್ತರದ ಮೇಲೆ ಬದಲಾಗುತ್ತದೆ, ತಿದ್ದುಪಡಿಗಳೂ ಬರುತ್ತಿರುತ್ತವೆ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಕೋಷ್ಟಕವನ್ನು ಇಂಜಿನಿಯರ್ ಕೈಲಿ ತೆಗೆಸಿ ನೀವೇ ಕಣ್ಣಾರೆ ನೋಡಿ. ಲೆಕ್ಕಕ್ಕೆ ಅಂತ ನಾಲ್ಕೂ ಕಡೆ ಒಂದೊಂದು ಮೀಟರ್ ಬಿಡಬೇಕು ಅಂದುಕೊಳ್ಳಿ. 30x40ರಲ್ಲಿ ಉಳಿಯುವುದು ಸುಮಾರು 784 ಚದರಡಿ. ಅಂದರೆ ಶೇ 75 ಅಂತ ಕಾಗದದಲ್ಲಿದ್ದ 900 ನಿಮ್ಮ ಕೈಗೆ ಸಿಗಲೇ ಇಲ್ಲ. ಬ್ರೋಕರ್ ಹೇಳುವ 900ರ ಲೆಕ್ಕ ಇಲ್ಲೇ ಮುರಿದುಬೀಳುತ್ತದೆ.

ಹಾಗಾದರೆ 2100ನ್ನು ಹೇಗೆ ಹಂಚುವುದು? ಕಾರು ನಿಲ್ಲಿಸಲು ಬರೀ ಕಂಬಗಳ ಮೇಲೆ ತೆರೆದಿಟ್ಟ ಕೆಳಹಂತ (ಸ್ಟಿಲ್ಟ್), ತಾರಸಿಯ ಮೇಲಿನ ಮೆಟ್ಟಿಲ ಕೋಣೆ, ಲಿಫ್ಟ್ ಯಂತ್ರದ ಕೋಣೆ ಇವು ಎಫ್‌ಎಆರ್‌ಗೆ ಸೇರುವುದಿಲ್ಲ. ಆದ್ದರಿಂದ ನಾನು ಹೆಚ್ಚಾಗಿ ಹೇಳುವುದು ಕೆಳಗೆ ಸ್ಟಿಲ್ಟ್, ಮೇಲೆ 700 ಚದರಡಿಯ ಮೂರು ಮಹಡಿ. 784ರ ಒಳಗೆ 700 ಆರಾಮಾಗಿ ಕೂರುತ್ತದೆ, ಮೂರು ಸೇರಿ ಸರಿಯಾಗಿ 2100. ಒಂದೊಂದು ಮಹಡಿಗೆ ಎರಡು ಕೋಣೆಯ ಒಂದು ಮನೆ, ಕೆಳಗೆ ಕಾರು, ಮಳೆಗಾಲದಲ್ಲಿ ರಸ್ತೆಯ ನೀರು ಉಕ್ಕಿದರೂ ಮಂಚದ ಕೆಳಗೆ ಬರುವುದಿಲ್ಲ. ವಯಸ್ಸಾದವರು ಇರುವ ಮನೆಯಾದರೆ ಲಿಫ್ಟಿಗೆ ಗುಂಡಿ ಈಗಲೇ ಬಿಡಿ.

ನೆಲಮಹಡಿಯಲ್ಲೇ ಇರಬೇಕು ಅನ್ನುವವರಿಗೆ ನೆಲ ಮತ್ತು ಮೊದಲ ಮಹಡಿ 784ರಂತೆ ಕಟ್ಟಿದರೆ 1568 ಆಗುತ್ತದೆ. ಮೇಲೆ ಇನ್ನು 532 ಉಳಿಯುತ್ತದೆ, ಒಂದು ಚಿಕ್ಕ ಬಾಡಿಗೆ ಮನೆಗೆ ಸಾಕು. ಆದರೆ ಕಾರಿನ ಜಾಗ ಎಲ್ಲಿ? ಒಂದು ಕಾರಿಗೆ 2.5 ಮೀಟರ್ ಅಗಲ, 5.5 ಮೀಟರ್ ಉದ್ದ ತೋರಿಸಬೇಕು. ನೆಲಮಹಡಿಯ ಮುಂದಿನ ಕೋಣೆಯನ್ನು ಪ್ಲಾನ್‌ನಲ್ಲಿ ಪಾರ್ಕಿಂಗ್ ಅಂತ ಬರೆದು ಕಟ್ಟುವಾಗ ಹಾಲ್ ಮಾಡಿಕೊಳ್ಳುವುದು ಈ ಊರಿನ ಅತಿ ಹಳೆಯ ಕೈಚಳಕ. ಒಸಿಗೆ ಬರುವವರು ಮೊದಲು ನೋಡುವುದೂ ಅದನ್ನೇ.

ಅಣ್ಣ-ತಮ್ಮ ಇಬ್ಬರೂ ಒಂದೇ ಸೈಟಿನಲ್ಲಿ ಕಟ್ಟುವುದಾದರೆ ಎಷ್ಟು ಅಡುಗೆಮನೆ ಅನ್ನುವುದನ್ನು ಪ್ಲಾನ್ ಬರೆಯುವ ದಿನವೇ ನಿರ್ಧಾರ ಮಾಡಿ. ಅಡುಗೆಮನೆಯ ಲೆಕ್ಕವೇ ಮನೆಯ ಲೆಕ್ಕ, ಮನೆಯ ಲೆಕ್ಕವೇ ಮೀಟರಿನ ಲೆಕ್ಕ. ನಾನು ಮೊದಲು ಮೀಟರ್ ಕೇಳುವುದು ಇದಕ್ಕೇ.

ವಾಸ್ತುವಿನವರು ಬಂದು ಈಶಾನ್ಯ ಬಿಡಿ, ನೈರುತ್ಯಕ್ಕೆ ಭಾರ ಹಾಕಿ ಅಂದರೆ ನನಗೇನೂ ಅಭ್ಯಂತರವಿಲ್ಲ. ಅವರನ್ನು ಮಂಜೂರಾತಿಗೆ ಮೊದಲು ಕರೆಸಿ. ಲೈಸೆನ್ಸ್ ಬಂದ ಮೇಲೆ ಮೆಟ್ಟಿಲನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಿದರೆ ಪ್ಲಾನ್ ತಿದ್ದಬೇಕು, ಮತ್ತೆ ಶುಲ್ಕ.

ಅರ್ಜಿ

ಇದು ಜನ ಹೆದರುವಷ್ಟು ದೊಡ್ಡದಲ್ಲ. ಎಲ್ಲ ಆನ್‌ಲೈನ್. ನೋಂದಾಯಿತ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್ ಲಾಗಿನ್‌ನಿಂದಲೇ ಅರ್ಜಿ ಹೋಗುತ್ತದೆ. ಚಿಕ್ಕ ವಾಸದ ಮನೆಗಳಿಗೆ 2024ರಲ್ಲಿ ಶುರುವಾದ ನಂಬಿಕೆ ನಕ್ಷೆ ಯೋಜನೆಯಲ್ಲಿ ಇಂಜಿನಿಯರ್ ದೃಢೀಕರಿಸಿದ ಪ್ಲಾನ್‌ಗೆ ತಾತ್ಕಾಲಿಕ ಮಂಜೂರಾತಿ ಬೇಗ ಬರುತ್ತದೆ, ದಾಖಲೆಗಳ ತಪಾಸಣೆ ಆಮೇಲೆ. ತಾತ್ಕಾಲಿಕ ಅನ್ನುವ ಪದದ ಮೇಲೆ ಕಣ್ಣಿಡಿ. ದಾಖಲೆಯಲ್ಲಿ ಹುಳುಕಿದ್ದರೆ ಅದು ರದ್ದಾಗುತ್ತದೆ, ಅಷ್ಟರಲ್ಲಿ ನೀವು ಪಾಯಕ್ಕೆ ಕಬ್ಬಿಣ ತರಿಸಿರುತ್ತೀರಿ.

ಬೇಕಾಗುವ ಕಾಗದ: ಕ್ರಯಪತ್ರ ಮತ್ತು ಅದರ ಹಿಂದಿನ ಮೂಲಪತ್ರಗಳು, ಇ-ಖಾತೆ, ಈ ವರ್ಷದ ಕಂದಾಯ ರಶೀದಿ, ಋಣಭಾರ ಪತ್ರ, ಕನ್ವರ್ಷನ್ ಆದೇಶ, ಬಡಾವಣೆ ನಕ್ಷೆ, ಬಿಡಿಎ ಸೈಟಾದರೆ ಹಂಚಿಕೆ ಮತ್ತು ಸ್ವಾಧೀನ ಪತ್ರ. ಇವೆಲ್ಲದರಲ್ಲಿ ಹೆಸರು, ಸೈಟ್ ನಂಬರು, ಚಕ್ಕುಬಂದಿ ಒಂದೇ ರೀತಿ ಇರಬೇಕು. ಕ್ರಯಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಖಾತೆಯಲ್ಲಿ ಪೂರ್ವಕ್ಕೆ ಸೈಟ್ ನಂಬರ್ 14 ಅಂತಿದ್ದರೆ ಅರ್ಜಿ ಅಲ್ಲೇ ಕೂರುತ್ತದೆ. ಪತ್ರದಲ್ಲಿ ಗೌಡರ ಹೆಸರಿನ ಮುಂದೆ ಇನಿಷಿಯಲ್ ಇದ್ದು ಆಧಾರಿನಲ್ಲಿ ಇಲ್ಲದಿದ್ದರೂ ಅಷ್ಟೇ. ಮೊದಲು ಅದನ್ನು ತಿದ್ದಿಸಿ.

ಶುಲ್ಕದ ಪಟ್ಟಿ ಉದ್ದ ಬರುತ್ತದೆ, ಬಿಡಿಬಿಡಿಯಾಗಿ ಓದಿ. ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ನಿರ್ಮಾಣ ವೆಚ್ಚದ ಶೇ 1. ವೆಚ್ಚ ಒಂದು ಮಿತಿಯೊಳಗಿರುವ ಸ್ವಂತ ವಾಸದ ಮನೆಗೆ ಇಲ್ಲ. ಸೈಟಿನಲ್ಲಿ ಮರ ಇದ್ದರೆ ಕೊಡಲಿ ಮುಟ್ಟಿಸುವ ಮುನ್ನ ವೃಕ್ಷಾಧಿಕಾರಿಯ ಅನುಮತಿ ಬೇಕು. "ಎಲ್ಲ ನಾನೇ ಮಾಡಿಸಿಕೊಡ್ತೀನಿ, ನೀವು ಆಫೀಸಿಗೆ ಬರೋದೇ ಬೇಡ" ಅನ್ನುವ ಏಜೆಂಟರಿಗೆ ಸಹಿ ಮಾಡಿದ ಖಾಲಿ ಕಾಗದ ಕೊಡಬೇಡಿ. ಅಪ್‌ಲೋಡ್ ಆಗುವ ಅಂತಿಮ ಪ್ಲಾನ್‌ನ ಪ್ರತಿ ಪುಟ ನೀವು ನೋಡಿರಬೇಕು. ನಾಳೆ ನೋಟಿಸ್ ಬರುವುದು ಮಾಲೀಕರ ಹೆಸರಿಗೆ.

ಗೋಡೆ ಏಳುವಾಗ

ಮಂಜೂರಾದ ಪ್ಲಾನ್‌ನ ಒಂದು ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ಸೈಟಿನ ಶೆಡ್ಡಿನಲ್ಲಿ ನೇತುಹಾಕಿ. ಮೇಸ್ತ್ರಿಯ ಕೈಯಲ್ಲಿರುವ ಕೆಲಸದ ನಕ್ಷೆಯೂ ಅದೇ ಆಗಿರಬೇಕು. ಕಾಲಂ ಗುರುತು ಹಾಕಿದ ದಿನ ಟೇಪ್ ನೀವೇ ಹಿಡಿಯಿರಿ. ಕಾಂಪೌಂಡ್ ಗೋಡೆಯ ಹೊರಮುಖದಿಂದ ಅಳೆದು ಮೋಸಹೋಗುವುದು ಸಾಮಾನ್ಯ. ಅಳತೆ ಸೈಟಿನ ಗಡಿಯಿಂದ ಮನೆಯ ಗೋಡೆಯ ಹೊರಮುಖಕ್ಕೆ, ಪ್ಲಾಸ್ಟರ್ ಸೇರಿಸಿ.

2003ರ ಕಟ್ಟಡ ಬೈಲಾದಲ್ಲಿ ಸೆಟ್‌ಬ್ಯಾಕ್, ನೆಲ ವ್ಯಾಪ್ತಿ, ಎಫ್‌ಎಆರ್, ಎತ್ತರ ಇವುಗಳಲ್ಲಿ ಶೇ 5ರವರೆಗಿನ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅವಕಾಶ ಬರೆದಿದ್ದರು. ಮೇಸ್ತ್ರಿಗಳು ಇದನ್ನು "ಐದು ಪರ್ಸೆಂಟ್ ಬಿಡ್ತಾರೆ" ಅಂತ ಮೊದಲೇ ನುಂಗಿಕೊಳ್ಳುತ್ತಾರೆ. ಒಂದು ಮೀಟರ್ ಸೆಟ್‌ಬ್ಯಾಕಿನ ಶೇ 5 ಅಂದರೆ 5 ಸೆಂಟಿಮೀಟರ್, ಎರಡಿಂಚು. ಗೋಡೆ ಸ್ವಲ್ಪ ಸೊಟ್ಟಗೆ ಬಂದು ಪ್ಲಾಸ್ಟರ್ ದಪ್ಪವಾದರೆ ಅಷ್ಟು ಹೋಗಿಯೇ ಹೋಗುತ್ತದೆ. ಕೈತಪ್ಪಿಗೆ ಇಟ್ಟ ಜಾಗವನ್ನು ಕೋಣೆ ದೊಡ್ಡದು ಮಾಡಲು ಬಳಸಬೇಡಿ.

ಪಾಯದ ಹಂತದಲ್ಲಿ ಕಾಮಗಾರಿ ಪ್ರಾರಂಭದ ಪ್ರಮಾಣಪತ್ರ ತೆಗೆದುಕೊಳ್ಳುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಕೇಳುವವರಿಲ್ಲ ಅಂತ. ಒಸಿ ಅರ್ಜಿಯಲ್ಲಿ ಕೇಳುತ್ತಾರೆ. ಆಗ ಮನೆ ಎದ್ದು ನಿಂತಿರುತ್ತದೆ, ಪಾಯ ತೋರಿಸಲು ಅಗೆಯುವುದಕ್ಕಾಗುವುದಿಲ್ಲ. ಪ್ರತಿ ಹಂತದ ಫೋಟೊ ದಿನಾಂಕ ಸಮೇತ ಇಟ್ಟುಕೊಳ್ಳಿ.

ಬೀದಿಯಲ್ಲಿ 11 ಕೆವಿ ಲೈನ್ ಹಾದುಹೋಗಿದ್ದರೆ ಕಟ್ಟಡದಿಂದ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಬೇಕು. ನೆಲದಲ್ಲಿ ಸರಿಯಾಗಿರುವ ಅಂತರವನ್ನು ಮೇಲಿನ ಮಹಡಿಯ ಬಾಲ್ಕನಿ ತಿಂದುಹಾಕುತ್ತದೆ. ಈ ಊರಲ್ಲಿ ಬಟ್ಟೆ ಒಣಹಾಕಲು ಹೋಗಿ ಸತ್ತವರಿದ್ದಾರೆ. ಇದರಲ್ಲಿ ನಾನು ಯಾರ ಜೊತೆಗೂ ಚೌಕಾಸಿ ಮಾಡುವುದಿಲ್ಲ, ಬಾಲ್ಕನಿ ಬೇಕೇ ಬೇಕು ಅಂದರೆ ಬೇರೆ ಇಂಜಿನಿಯರನ್ನು ನೋಡಿಕೊಳ್ಳಿ ಅನ್ನುತ್ತೇನೆ.

ಮಳೆನೀರು ಕೊಯ್ಲು 1200 ಚದರಡಿ ಮತ್ತು ಮೇಲಿನ ಸೈಟಿನ ಹೊಸ ಮನೆಗೆ ಕಡ್ಡಾಯ. ಸಂಪು ಕಟ್ಟುವಾಗಲೇ ಫಿಲ್ಟರಿಗೆ ಮತ್ತು ಇಂಗುಗುಂಡಿಗೆ ಜಾಗ ಬಿಡಿ. ಗ್ರಾನೈಟ್ ಹಾಸಿದ ಮೇಲೆ ನೆನಪಾದರೆ ಎರಡು ಪಟ್ಟು ಖರ್ಚು.

ಮಧ್ಯದಲ್ಲಿ ಮನಸ್ಸು ಬದಲಾದರೆ? ಆಗುತ್ತದೆ. ಮಗಳ ಮದುವೆ ನಿಶ್ಚಯವಾಗಿ ಇನ್ನೊಂದು ಕೋಣೆ ಬೇಕಾಗುತ್ತದೆ. ಗಾರೆ ಕಲಸುವ ಮುಂಚೆ ಪರಿಷ್ಕೃತ ಪ್ಲಾನ್‌ಗೆ ಅರ್ಜಿ ಹಾಕಿ. ನಿಯಮದೊಳಗೆ ಜಾಗ ಉಳಿದಿದ್ದರೆ ಸಿಗುತ್ತದೆ. ಉಳಿದಿಲ್ಲದಿದ್ದರೆ ಆ ಕೋಣೆಯನ್ನು ಕಟ್ಟಿ ಆಮೇಲೆ ಒಡೆಸಿಕೊಳ್ಳುವುದಕ್ಕಿಂತ ಅಳಿಯನಿಗೆ ಬಾಡಿಗೆ ಮನೆ ಮಾಡಿಕೊಡುವುದು ಅಗ್ಗ. ಹೆಚ್ಚುವರಿ ಮಹಡಿಗೆ ನೋಟಿಸ್ ಬಂದರೆ ಮೊದಲು ತಾತ್ಕಾಲಿಕ ಆದೇಶ, ಉತ್ತರಿಸಲು ಕಾಲಾವಕಾಶ, ಅದರ ಮೇಲೆ ಖಾಯಂ ಆದೇಶ. ಉತ್ತರ ಕೊಡದೆ ಮೇಜಿನ ಮೇಲಿಟ್ಟವರಿಗೆ ವಕೀಲರೂ ಹೆಚ್ಚು ಏನೂ ಮಾಡಲಾರರು.

ಒಸಿ, ವಿನಾಯಿತಿ, ಮೀಟರ್

ಕಟ್ಟಡ ಮುಗಿದ ಒಂದು ತಿಂಗಳೊಳಗೆ ಇಂಜಿನಿಯರ್ ದೃಢೀಕರಣದೊಂದಿಗೆ ಒಸಿಗೆ ಅರ್ಜಿ ಹಾಕಬೇಕು. ಸ್ಥಳಕ್ಕೆ ಬಂದವರು ಪ್ಲಾನ್ ಹಿಡಿದು ಸುತ್ತ ಅಳೆಯುತ್ತಾರೆ, ಪಾರ್ಕಿಂಗ್ ನೋಡುತ್ತಾರೆ, ಮಳೆನೀರಿನ ಪೈಪು ಎಲ್ಲಿಗೆ ಹೋಗಿದೆ ಅಂತ ಕೇಳುತ್ತಾರೆ. ಪ್ಲಾನ್ ಪ್ರಕಾರವೇ ಕಟ್ಟಿದವರಿಗೆ ಇದು ಅರ್ಧ ಗಂಟೆಯ ಕೆಲಸ.

2025ರಲ್ಲಿ ಸರ್ಕಾರ ಒಂದು ವಿನಾಯಿತಿ ಕೊಟ್ಟಿತು: 1200 ಚದರಡಿವರೆಗಿನ ಸೈಟಿನಲ್ಲಿ ನೆಲಮಹಡಿ ಮತ್ತು ಎರಡು, ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿಯ ವಾಸದ ಮನೆಗೆ ಒಸಿ ಬೇಡ ಅಂತ. ಮೀಟರ್ ಸಿಗದೆ ಕೂತಿದ್ದ ಸಾವಿರಾರು ಜನಕ್ಕೆ ಉಸಿರು ಬಂತು. ನಾನು ಹೇಳಿದ ಸ್ಟಿಲ್ಟ್ ಮತ್ತು ಮೂರು ಇದರೊಳಗೇ ಬರುತ್ತದೆ. ಆದರೆ ಈ ಸುದ್ದಿಯನ್ನು "ಇನ್ನು ಪ್ಲಾನೇ ಬೇಡ" ಅಂತ ಓದಿಕೊಂಡವರು ಬಹಳ. ಬಿಟ್ಟಿರುವುದು ಒಸಿಯನ್ನು, ಪ್ಲಾನ್ ಮಂಜೂರಾತಿ, ಸೆಟ್‌ಬ್ಯಾಕ್, ಎಫ್‌ಎಆರ್ ಇದ್ದಲ್ಲೇ ಇವೆ. ಇನ್ನು 1200 ಅನ್ನುವ ಅಂಕಿ. ಬಾಯಲ್ಲಿ 30x40 ಅನ್ನುವ ಸೈಟು ಪತ್ರದಲ್ಲಿ ಒಂದು ಕಡೆ 41 ಅಡಿ ಇರಬಹುದು, ಮೂಲೆ ಸೈಟಿಗೆ ಒಂದು ಪಟ್ಟಿ ಹೆಚ್ಚಿಗೆ ಸೇರಿರಬಹುದು. 1215 ಚದರಡಿ ಆದರೂ ವಿನಾಯಿತಿಯ ಆಚೆ. ಹಾಗೆಯೇ ಮೂರರ ಮೇಲೆ ತಾರಸಿಯಲ್ಲಿ ಶೀಟ್ ಹಾಕಿ ಒಂದು ಕೋಣೆ ಬಾಡಿಗೆಗೆ ಕೊಟ್ಟರೆ ಅದು ನಾಲ್ಕನೇ ಮಹಡಿ.

ವಿನಾಯಿತಿಗೆ ಒಳಪಟ್ಟವರೂ ಮಂಜೂರಾದ ಪ್ಲಾನ್, ಲೈಸೆನ್ಸ್, ಶುಲ್ಕದ ರಶೀದಿ, ಹಂತಹಂತದ ಫೋಟೊ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿಡಿ. ಮುಂದೆ ಮಾರುವಾಗ ಕೊಳ್ಳುವವರ ಬ್ಯಾಂಕಿನ ವಕೀಲರು ಕೇಳುವುದು ಆ ಫೈಲನ್ನೇ.

ಮೀಟರ್ ಬಂದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ನಿಮ್ಮ ಇ-ಖಾತೆಯಲ್ಲಿ ಆ ಸ್ವತ್ತು ಇನ್ನೂ ಖಾಲಿ ನಿವೇಶನ ಅಂತಲೇ ಇರುತ್ತದೆ. ಕಟ್ಟಿದ ವಿಸ್ತೀರ್ಣ, ಎಷ್ಟು ಸ್ವಂತಕ್ಕೆ, ಎಷ್ಟು ಬಾಡಿಗೆಗೆ ಅಂತ ಸೇರಿಸಿ ಖಾತೆ ಮತ್ತು ಆಸ್ತಿ ತೆರಿಗೆ ಎರಡನ್ನೂ ತಿದ್ದಿಸಿ. ಕೊಡುವ ವಿಸ್ತೀರ್ಣ ಪ್ಲಾನ್‌ನಲ್ಲಿರುವ ಅಂಕಿಯೇ ಆಗಿರಲಿ. ತೆರಿಗೆ ಉಳಿಸಲು ಕಡಿಮೆ ಬರೆದರೆ ಬೆಸ್ಕಾಂ ಮೀಟರಿನ ಎಣಿಕೆಯ ಜೊತೆ ತಾಳೆ ಹಾಕಿದ ದಿನ ವ್ಯತ್ಯಾಸದ ತೆರಿಗೆ, ಅದರ ಮೇಲೆ ದಂಡ, ಬಡ್ಡಿ ಸೇರಿ ಬರುತ್ತದೆ.